ರೆನ್ವಾರ್ ಕೈ ಪಳಗಿದ್ದು ಪಿಂಗಾಣಿ ತಟ್ಟೆಯ ಮೇಲಾ, ನದಿ ದಂಡೆಯಲ್ಲಾ?

ಕುಂಚಪ್ರಿಯ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಇಲ್ಲಿ ಚಿತ್ರಕಲೆ ಬಲ್ಲವರು ಇದ್ದೀರಿ, ಸ್ವಲ್ಪ ಬಿಡಿಸಿ ಹೇಳಿ.

ಫ್ರೆಂಚ್ ಚಿತ್ರಕಾರ ರೆನ್ವಾರ್ ಬಗ್ಗೆ ಏನೇ ಓದಿದರೂ ಮೊದಲ ಪ್ಯಾರಾದಲ್ಲೇ ಪಿಂಗಾಣಿ ಬಂದುಬಿಡುತ್ತದೆ. 1841ರಲ್ಲಿ ಫ್ರಾನ್ಸಿನ ಲಿಮೋಜ್ ಊರಲ್ಲಿ ಹುಟ್ಟಿದ. ಅಪ್ಪ ದರ್ಜಿ, ಅಮ್ಮನದೂ ಹೊಲಿಗೆ ಕೆಲಸ. ಲಿಮೋಜ್ ಪಿಂಗಾಣಿಗೆ ಹೆಸರಾದ ಊರು. 13ನೇ ವಯಸ್ಸಿಗೆ ಹುಡುಗ ಅಲ್ಲೇ ತಟ್ಟೆ, ಬಟ್ಟಲುಗಳ ಮೇಲೆ ಹೂವು ಬರೆಯುವ ಕೆಲಸಕ್ಕೆ ಸೇರಿದ. ಇಷ್ಟು ಹೇಳಿ ಲೇಖಕರು ಒಂದೇ ನೆಗೆತಕ್ಕೆ 1876ಕ್ಕೆ ಬಂದುಬಿಡುತ್ತಾರೆ. ಪ್ಯಾರಿಸ್‌ನ ಮೊಂಮಾರ್ತ್ರ್‌ನಲ್ಲಿ ಮರಗಳ ಕೆಳಗೆ ಜನ ಕುಣಿಯುವ ಆ ದೊಡ್ಡ ಚಿತ್ರ, ಬಟ್ಟೆಯ ಮೇಲೆಲ್ಲ ಬಿಸಿಲಿನ ಚುಕ್ಕೆ. ನಡುವಿನ 20 ವರ್ಷ ಎಲ್ಲಿ ಹೋಯ್ತು?

ನನ್ನ ಊಹೆ ಇಷ್ಟು. ಪಿಂಗಾಣಿಯೇ ಅವನನ್ನು ಮಾಡಿತು. ಬಿಳಿ ನೆಲ, ಅದರ ಮೇಲೆ ತೆಳು ಬಣ್ಣ, ಹಗುರ ಕೈ. ಮುಂದೆ ಬಂದದ್ದೆಲ್ಲ ಅದೇ ಕೆಲಸ, ಕ್ಯಾನ್ವಾಸ್ ಮೇಲೆ. ನಾನು ಭಾನುವಾರ ಮಾತ್ರ ಜಲವರ್ಣ ಮಾಡುವವನು, ಕಾಗದದ ಬಿಳಿಯನ್ನು ಉಳಿಸಿಕೊಳ್ಳುವ ಒದ್ದಾಟ ನನಗೆ ಗೊತ್ತು. ಅದಕ್ಕೇ ಹೀಗೆ ಅನ್ನಿಸಿತೇನೋ. ತಪ್ಪಿದ್ದರೆ ಬೈಯಿರಿ.

ಸಂಜೆಮಲ್ಲಿಗೆ:

ಬೈಯುವುದಿಲ್ಲ, ಆದರೆ ಒಂದು ತಿದ್ದುಪಡಿ ಇದೆ. ಅವನು ಪಿಂಗಾಣಿ ಕಲಿತದ್ದು ಲಿಮೋಜ್‌ನಲ್ಲಿ ಅಲ್ಲ, ಪ್ಯಾರಿಸ್‌ನಲ್ಲಿ. ಹುಡುಗನಿಗೆ ಮೂರು ವರ್ಷವಿದ್ದಾಗಲೇ ಮನೆಯವರು ಊರು ಬಿಟ್ಟರು. ಪಿಂಗಾಣಿಯ ಊರಲ್ಲಿ ಹುಟ್ಟಿ, ಆ ಕೆಲಸ ಕಲಿಯಲು ಬೇರೆ ಊರಿಗೆ ಬರಬೇಕಾಯ್ತು. ಈ ತಮಾಷೆ ಬಹಳ ಜನಕ್ಕೆ ಗೊತ್ತಿಲ್ಲ.

ಪ್ಯಾರಿಸ್‌ನಲ್ಲಿ ಲೇವಿ ಅನ್ನುವವರ ಕಾರ್ಖಾನೆ. ಸೇರಿದ್ದು 1854ರಲ್ಲಿ. ಅದಕ್ಕೆ ಮುಂಚೆ ಹುಡುಗ ಚೆನ್ನಾಗಿ ಹಾಡುತ್ತಿದ್ದ. ಸಂಗೀತ ಕಲಿಸಿದವರು ಗೂನೋ, ಮುಂದೆ ಅಪೆರಾ ಬರೆದು ಹೆಸರು ಮಾಡಿದ ಅದೇ ಗೂನೋ. ಆದರೆ ಮನೆಯಲ್ಲಿ ದುಡ್ಡು ಬೇಕಿತ್ತು. ಹಾಡು ಬಿಟ್ಟು ಕುಂಚ ಹಿಡಿದ. ಮೊದಲು ಸಣ್ಣ ಸಣ್ಣ ಹೂವು, ಆಮೇಲೆ ರಾಣಿ ಮರೀ ಆಂತ್ವಾನೆತ್‌ಳ ಪಕ್ಕದ ಮುಖ. ಅದನ್ನೇ ನೂರಾರು ಸಲ.

ಹೆಚ್ಚುಕಮ್ಮಿ ನಾಲ್ಕು ವರ್ಷ ಆಗುವಷ್ಟರಲ್ಲಿ ಪಾತ್ರೆಯ ಮೇಲೆ ಚಿತ್ರ ಅಚ್ಚು ಹಾಕುವ ಯಂತ್ರ ಬಂತು. ಕೈಕೆಲಸದವರು ಬೇಡವಾದರು. ಆಮೇಲೆ ಬೀಸಣಿಗೆಗೆ ಚಿತ್ರ ಬರೆದ, ಕಿಟಕಿಯ ಪರದೆಗೆ ಬರೆದ. ಹೊಟ್ಟೆಪಾಡು.

ಆದರೆ ಕಾರ್ಖಾನೆ ಒಂದೇ ಅವನ ಶಾಲೆ ಅಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಚಿತ್ರಗಳ ಸಂಗ್ರಹಾಲಯ ಲೂವ್ರ್‌ಗೆ ಹೋಗುತ್ತಿದ್ದ. ದಾರಿಯಲ್ಲಿ ಒಮ್ಮೆ ಝಾನ್ ಗೂಜೋನ್ ಕೆತ್ತಿದ ಇನ್ನೊಸಾಂ ಕಾರಂಜಿ ಕಣ್ಣಿಗೆ ಬಿತ್ತು, ಕಾಲು ಅಲ್ಲೇ ನಿಂತಿತಂತೆ. ಲೂವ್ರ್ ಒಳಗೆ ಮೊದಲು ಮನಸ್ಸು ಹಿಡಿದದ್ದು ಹಿಂದಿನ ಶತಮಾನದ ಚಿತ್ರಕಾರ ಬೂಶೆ ಬರೆದ ಡಯಾನಾ, ಸ್ನಾನ ಮುಗಿಸಿ ಕೂತ ಬೇಟೆಯ ದೇವತೆ. ಮೊದಲ ಪ್ರೀತಿ ಮರೆಯಲ್ಲ ಅನ್ನುತ್ತಾರಲ್ಲ, ಹಾಗೆ ಕೊನೆವರೆಗೂ ಆ ಚಿತ್ರದ ಮಾತಾಡಿದ. 1860ರಲ್ಲಿ ಲೂವ್ರ್‌ನಲ್ಲಿ ಕೂತು ಹಳೆಯ ಚಿತ್ರಗಳನ್ನು ನಕಲು ಮಾಡಲು ಅಧಿಕೃತ ಪರವಾನಗಿ ತೆಗೆದುಕೊಂಡ. ಅದಕ್ಕೆ ದುಡ್ಡು ಬೇಕಿರಲಿಲ್ಲ, ತಾಳ್ಮೆ ಬೇಕಿತ್ತು.

ತರಲೆ ತಮ್ಮಯ್ಯ:

ಒಂದು ಸಣ್ಣ ಸಂದೇಹ. ಇದು ರೆನ್ವಾರಾ, ರೆನೊಯಿರಾ? ನಾನು ಹತ್ತು ವರ್ಷದಿಂದ ರೆನೊಯಿರ್ ಅಂತ ಹೇಳಿಕೊಂಡು ಜಾಣನ ಹಾಗೆ ಓಡಾಡಿದ್ದೇನೆ.

ಸಂಜೆಮಲ್ಲಿಗೆ:

ರೆನ್ವಾರ್. ಹತ್ತು ವರ್ಷ ವಾಪಸ್ ಬರಲ್ಲ ಬಿಡಿ.

ದಾವಣಗೆರೆ ಬೋರ್ಡ್:

ನಾನು ಚಿತ್ರಕಲೆ ಓದಿದವನಲ್ಲ. 20 ವರ್ಷ ಬೋರ್ಡ್ ಬರೆದವನು. ಕಿರಾಣಿ ಅಂಗಡಿ, ಲಾರಿ ಬಾಡಿ, ನಂಬರ್ ಪ್ಲೇಟ್, ಗೋಡೆ ಮೇಲಿನ ಜಾಹೀರಾತು, ಎಲ್ಲ. ಆಮೇಲೆ ಫ್ಲೆಕ್ಸ್ ಬಂತು. ಈಗ ಮನೆಗಳಿಗೆ ಸುಣ್ಣ ಬಣ್ಣದ ಕಂಟ್ರಾಕ್ಟು. ಅದಕ್ಕೇ ಮೇಡಂ ಬರೆದ ಯಂತ್ರದ ವಿಷಯ ಓದಿ ಸುಮ್ನೆ ಹೋಗಲು ಆಗಲಿಲ್ಲ.

ಕೆಲಸದಿಂದ ಕೈಗೆ ಏನು ಬರುತ್ತದೆ ಅಂತ ಹೇಳುತ್ತೇನೆ. ಎನಾಮಲ್‌ನಲ್ಲಿ ಕುಂಚ ಇಟ್ಟ ಮೇಲೆ ಒಂದೇ ಉಸಿರಿಗೆ ಎಳೆದು ಮುಗಿಸಬೇಕು. ನಡುವೆ ನಿಂತರೆ ಗಂಟು ಬೀಳುತ್ತದೆ, ಎದುರು ಅಂಗಡಿಯವನಿಗೂ ಕಾಣುತ್ತದೆ. ಪೀಸಿನ ಲೆಕ್ಕದಲ್ಲಿ ಕೂಲಿ, ನಿಧಾನ ಮಾಡಿದರೆ ಅವತ್ತಿನ ಊಟ ಕಮ್ಮಿ. ಆ ಹುಡುಗನೂ ಹೂವಿಗೆ ಹೂವು ಲೆಕ್ಕ ಹಾಕಿಯೇ ಬರೆದಿರುತ್ತಾನೆ. ಇನ್ನೊಂದು, ಬಿಳಿ ಹೊಳಪು ಬೇಕಾದಲ್ಲಿ ನಾವು ಮೇಲೆ ಬಿಳಿ ಬಳಿಯುವುದಿಲ್ಲ. ಬೋರ್ಡಿನ ಬಿಳಿಯನ್ನೇ ಬಿಟ್ಟುಕೊಳ್ಳುತ್ತೇವೆ. ಅದು ಬೇರೆಯೇ ಥರ ಹೊಳೆಯುತ್ತದೆ. ಕುಂಚಪ್ರಿಯ ಸರ್ ಹೇಳಿದ್ದು ನನಗೆ ಸರಿ ಅನ್ನಿಸುತ್ತದೆ.

ಕುಂಚಪ್ರಿಯ:

ಲಿಮೋಜ್ ತಪ್ಪು ಒಪ್ಪಿಕೊಂಡೆ ಮೇಡಂ. ಆದರೆ ಯಜಮಾನರ ಮಾತಿನಿಂದ ನನ್ನ ಕಡೆಗೆ ಬಲ ಬಂತು!

ಪಿಂಗಾಣಿಯಲ್ಲಿ ಇನ್ನೊಂದು ಕಷ್ಟ ಇದೆ. ಹೊಳಪು ಕೊಟ್ಟು ಒಮ್ಮೆ ಸುಟ್ಟ ಪಾತ್ರೆಯ ಮೇಲೆ ಬಣ್ಣ ಹಚ್ಚಿ ಮತ್ತೆ ಸುಡುತ್ತಾರೆ. ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುವಾಗ ಕಾಣುವುದೇ ಬೇರೆ, ಗೂಡಿನಿಂದ ಹೊರಗೆ ಬಂದ ಮೇಲೆ ಕಾಣುವುದೇ ಬೇರೆ. ಅಂದರೆ ಕಣ್ಣಿಗೆ ಕಾಣದ ಬಣ್ಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯಬೇಕು. ದಪ್ಪ ಹಚ್ಚಿದರೆ ಸುಡುವಾಗ ಎದ್ದು ಬರುತ್ತದೆ, ಹಾಗಾಗಿ ತೆಳುವಾಗಿಯೇ ಹಚ್ಚಬೇಕು. ನಾಲ್ಕು ವರ್ಷ ದಿನಾ ಇದೇ ಮಾಡಿದ ಹುಡುಗನ ಕೈ ಬೇರೆ ಹೇಗೆ ಇರಲು ಸಾಧ್ಯ?

ಸಂಜೆಮಲ್ಲಿಗೆ:

ಸರಿ, ಈಗ ನನ್ನ ತಕರಾರು. ಕೈ ಅಷ್ಟು ಗಟ್ಟಿಯಾಗಿ ಕೂತಿದ್ದರೆ 1860ರ ದಶಕದ ಚಿತ್ರಗಳಲ್ಲಿ ಅದು ಯಾಕೆ ಕಾಣುವುದಿಲ್ಲ? ಆ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಹೆಚ್ಚಿನವು ಕಪ್ಪು, ಕಂದು, ದಪ್ಪ.

ಕೂಡಿಟ್ಟ ದುಡ್ಡಿನಲ್ಲಿ ಅವನು ಸ್ವಿಟ್ಜರ್‌ಲ್ಯಾಂಡಿನ ಶಾರ್ಲ್ ಗ್ಲೇರ್ ಪ್ಯಾರಿಸ್‌ನಲ್ಲಿ ನಡೆಸುತ್ತಿದ್ದ ಚಿತ್ರಶಾಲೆಗೆ ಸೇರಿದ. 1862ರಲ್ಲಿ ಸರ್ಕಾರಿ ಕಲಾಶಾಲೆಗೂ ಪ್ರವೇಶ ಸಿಕ್ಕಿತು. ಗ್ಲೇರ್ ಒಳ್ಳೆಯ ಮನುಷ್ಯ. ಜಾಗದ ಬಾಡಿಗೆ, ಮಾಡೆಲ್‌ಗಳ ಕೂಲಿ ಹುಟ್ಟುವಷ್ಟು ಮಾತ್ರ ದುಡ್ಡು ತೆಗೆದುಕೊಳ್ಳುತ್ತಿದ್ದ. ಒಂದು ದಿನ ರೆನ್ವಾರ್ ಬಣ್ಣ ನೋಡಿ ಗ್ಲೇರ್ ಕೇಳಿದನಂತೆ, ನೀನು ಮೋಜಿಗೆ ಚಿತ್ರ ಬರೆಯುತ್ತೀಯೇನಪ್ಪಾ ಅಂತ. ಮೋಜಿಲ್ಲದಿದ್ದರೆ ಬರೆಯುತ್ತಲೇ ಇರಲಿಲ್ಲ ಅಂದ ಶಿಷ್ಯ. ಇದು ರೆನ್ವಾರ್ ವಯಸ್ಸಾದ ಮೇಲೆ ಹೇಳಿಕೊಂಡ ಕಥೆ. ಅವನ ಎಳವೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಇಂಥ ಮುದಿಗಾಲದ ನೆನಪುಗಳೇ. ಸ್ವಲ್ಪ ಉಪ್ಪು ಖಾರ ಸೇರಿರುತ್ತದೆ, ಹಾಗೇ ಓದಿಕೊಳ್ಳಿ.

ಆ ಶಾಲೆಯಲ್ಲಿ ಪಾಠಕ್ಕಿಂತ ದೊಡ್ಡ ಲಾಭ ಪಕ್ಕದ ಸೀಟಿನವರು. ಮೊನೇ, ಸಿಸ್ಲೇ, ಬಾಝೀಲ್. ಮೂವರೂ ಅಲ್ಲೇ ಸಿಕ್ಕಿದ್ದು. 1863ರಿಂದ ಎಲ್ಲ ಸೇರಿ ಫೊಂತೆನ್‌ಬ್ಲೋ ಕಾಡಿಗೆ ಹೋಗಿ ಬಯಲಲ್ಲಿ ಕೂತು ಬರೆಯತೊಡಗಿದರು.

ಕುಂಚಪ್ರಿಯ ಅವರೇ, ಈಗ ಕೇಳಿ, ಇದು ನಿಮಗೆ ಇಷ್ಟವಾಗುತ್ತದೆ. ಕಾಡಿನಲ್ಲಿ ರೆನ್ವಾರ್ ಕಾರ್ಖಾನೆ ದಿನಗಳ ಹಳೇ ನಿಲುವಂಗಿ ಹಾಕಿಕೊಂಡು ಬರೆಯುತ್ತಿದ್ದ. ಕೆಲವು ಪುಂಡರು ಬಂದು ರೇಗಿಸಿದರು. ಅಷ್ಟರಲ್ಲಿ ಮರದ ಕಾಲಿನ ಒಬ್ಬ ದಢೂತಿ ಮನುಷ್ಯ ಬಂದು ಊರುಗೋಲು ಬೀಸಿ ಅವರನ್ನು ಓಡಿಸಿದ. ಅವನೇ ನಾರ್ಸಿಸ್ ದಿಯಾಜ್, ಆಗಲೇ ಹೆಸರಾದ ಚಿತ್ರಕಾರ. ಹುಡುಗನ ಕ್ಯಾನ್ವಾಸ್ ನೋಡಿದ. ಕೈ ಚೆನ್ನಾಗಿದೆ, ಆದರೆ ಇಷ್ಟು ಕಪ್ಪಗೆ ಯಾಕೆ ಬರೆಯುತ್ತೀಯ ಅಂತ ಕೇಳಿದ. ತಮಾಷೆ ಏನೆಂದರೆ ದಿಯಾಜ್ ಕೂಡ ಹುಡುಗನಾಗಿದ್ದಾಗ ಪಿಂಗಾಣಿಗೆ ಚಿತ್ರ ಬರೆದವನೇ! ತನ್ನ ಬಣ್ಣದಂಗಡಿಯಲ್ಲಿ ಈ ಬಡ ಹುಡುಗನಿಗೆ ಸಾಲ ಕೊಡಿಸಿದ ಅಂತಲೂ ರೆನ್ವಾರ್ ಹೇಳಿಕೊಂಡಿದ್ದಾನೆ.

ಅಂದರೆ ನೋಡಿ, ಪಿಂಗಾಣಿ ಬಿಟ್ಟು ನಾಲ್ಕೈದು ವರ್ಷಕ್ಕೆ ಅವನ ಚಿತ್ರ ಕಪ್ಪಗಿತ್ತು. 1864ರಲ್ಲಿ ಸಲೋನ್ ಅನ್ನುವ ಸರ್ಕಾರಿ ಪ್ರದರ್ಶನಕ್ಕೆ ಅವನ ಎಸ್ಮೆರಾಲ್ಡಾ ಆಯ್ಕೆಯಾಯ್ತು. ವಿಕ್ಟರ್ ಹ್ಯೂಗೋ ಕಾದಂಬರಿಯ ಹುಡುಗಿ, ಕತ್ತಲೆಯಲ್ಲಿ ಕುಣಿಯುವ ದೃಶ್ಯ. ಪ್ರದರ್ಶನ ಮುಗಿದ ಮೇಲೆ ಅವನೇ ಅದನ್ನು ಹಾಳುಮಾಡಿಬಿಟ್ಟ. ಗೆದ್ದ ಚಿತ್ರವನ್ನು ಯಾರಾದರೂ ಹಾಳು ಮಾಡುತ್ತಾರಾ? ಅವನಿಗೆ ಆ ಕಪ್ಪು ಸಾಕಾಗಿತ್ತು ಅಂತ ನನ್ನ ಲೆಕ್ಕ.

ಸಾಕಾದರೂ ಬಿಡಲು ಆಗಲಿಲ್ಲ. 1866ರಲ್ಲಿ ಗೆಳೆಯ ಝೂಲ್ ಲ ಕರ್ ನಾಯಿಗಳ ಜೊತೆ ಕಾಡಿನಲ್ಲಿ ನಡೆಯುವ ಚಿತ್ರ ಬರೆದ. ಆಗಿನ ಹೆಸರಾದ ಚಿತ್ರಕಾರ ಕೂರ್ಬೆ ಥರ ಚಾಕುವಿನಲ್ಲಿ ಬಣ್ಣ ಮೆತ್ತಿದ್ದಾನೆ. ಪಿಂಗಾಣಿಗೆ ಇದಕ್ಕಿಂತ ದೂರದ ಕೆಲಸ ಇನ್ನೊಂದಿಲ್ಲ, ಅಲ್ವಾ? ಮರುವರ್ಷ ಡಯಾನಾ ಬರೆದ. ನಿಜಕ್ಕೂ ಅದು ಗೆಳತಿ ಲೀಸ್ ತ್ರೆಯೋಳ ನಗ್ನಚಿತ್ರ. ಆಯ್ಕೆ ಸಮಿತಿಯವರು ಮುಖ ಸಿಂಡರಿಸದಿರಲಿ ಅಂತ ಕೈಗೊಂದು ಬಿಲ್ಲು, ಕಾಲ ಬಳಿ ಸತ್ತ ಜಿಂಕೆ ಸೇರಿಸಿ ದೇವತೆ ಮಾಡಿದ. ಆದರೂ ತಿರಸ್ಕಾರವಾಯ್ತು.

ಉತ್ತರದ ಹಕ್ಕಿ:

ನಾನು ಕೆಲಸದ ಮೇಲೆ ಸ್ಟಾಕ್‌ಹೋಮ್‌ನಲ್ಲಿದ್ದೇನೆ. ಸಾಮಾನ್ಯವಾಗಿ ಇಲ್ಲಿ ಓದಿಕೊಂಡು ಹೋಗುವವಳು, ಇವತ್ತು ಬರೆಯಲೇಬೇಕು ಅನ್ನಿಸಿತು. ಯಾಕೆಂದರೆ ನೀವು ಜಗಳವಾಡುತ್ತಿರುವ ವಿಷಯ ಇಲ್ಲಿನ ರಾಷ್ಟ್ರೀಯ ಸಂಗ್ರಹಾಲಯದಲ್ಲೇ ಇದೆ. ರೆನ್ವಾರ್‌ನ 1866ರ ಒಂದು ಚಿತ್ರ, 1869ರ ಇನ್ನೊಂದು. ಮಧ್ಯೆ ಬರೀ ಮೂರು ವರ್ಷ.

ಮೊದಲನೆಯದು ಮಾರ್ಲೊತ್ ಹಳ್ಳಿಯಲ್ಲಿ ಆಂತೊನಿ ಅಮ್ಮನ ಖಾನಾವಳಿ. ಆಳೆತ್ತರದ ಚಿತ್ರ. ಗೆಳೆಯರು ಊಟ ಮುಗಿಸಿ ಮೇಜಿನ ಸುತ್ತ ಮಾತಾಡುತ್ತಿದ್ದಾರೆ. ಮೇಜಿನ ಮೇಲೆ ಪತ್ರಿಕೆ ಬಿದ್ದಿದೆ. ಹಿಂದಿನ ಗೋಡೆಯ ಮೇಲೆಲ್ಲ ಗೀಚಿದ ಚಿತ್ರಗಳು. ಕೆಳಗೆ ಒಂದು ಬಿಳಿ ನಾಯಿ. ಎಲ್ಲರ ಬಟ್ಟೆ ಕಪ್ಪು, ಕಂದು, ನೀಲಿ. ಮುಖಗಳು ಗಟ್ಟಿ. ನನ್ನನ್ನೂ ಕೂರಿಸಿ ಕಾಫಿ ಕೊಟ್ಟಾರು ಅನ್ನುವ ಹಾಗೆ ಜೀವಂತ, ಆದರೆ ಬೆಳಕು ಕೋಣೆಯ ಬೆಳಕು.

ಎರಡನೆಯದು ಲಾ ಗ್ರೆನೂಯೇರ್. ಕಪ್ಪೆಹೊಂಡ ಅಂತ ಅರ್ಥ. ಸೇನ್ ನದಿಯಲ್ಲಿ ಪ್ಯಾರಿಸ್‌ನವರು ಭಾನುವಾರ ಈಜಲು, ದೋಣಿ ಹತ್ತಲು, ಕುಡಿಯಲು ಬರುತ್ತಿದ್ದ ಜಾಗ. ನೀರಿನ ನಡುವೆ ಒಂದು ಪುಟ್ಟ ದುಂಡು ದ್ವೀಪ, ಒಂದೇ ಮರ. ಆಕಾರ ನೋಡಿ ಜನ ಅದನ್ನು ಕಮೆಂಬೇರ್ ಅನ್ನುವ ದುಂಡು ಚೀಸ್ ಅನ್ನುತ್ತಿದ್ದರಂತೆ. ಈ ಚಿತ್ರ ಚಿಕ್ಕದು. ಹತ್ತಿರ ಹೋದರೆ ಜನ ಮಾಯವಾಗುತ್ತಾರೆ. ಬರೀ ಕುಂಚದ ಗುರುತು, ಗರಿಯ ಹಾಗೆ ಸಣ್ಣ ಸಣ್ಣ ಎಳೆತ. ನಾಲ್ಕು ಹೆಜ್ಜೆ ಹಿಂದೆ ಬಂದರೆ ಮತ್ತೆ ಲಂಗ, ಟೋಪಿ, ನೀರು. ಇಬ್ಬರು ಬೇರೆ ಬೇರೆಯವರು ಬರೆದಂತಿದೆ. ನಾನು ಆಚೆ ಈಚೆ ಎಷ್ಟು ಸಲ ಓಡಾಡಿದೆನೆಂದರೆ ಕಾವಲಿನವರು ನನ್ನನ್ನೇ ನೋಡತೊಡಗಿದರು.

ತರಲೆ ತಮ್ಮಯ್ಯ:

ಕಪ್ಪೆಹೊಂಡವನ್ನು ಮೊನೇ ಕೂಡ ಬರೆದಿದ್ದಾನಲ್ಲ. ಹಾಗಾದರೆ ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದ ಅನ್ನಿ.

ಸಂಜೆಮಲ್ಲಿಗೆ:

ಇಷ್ಟು ಸಲೀಸಾಗಿ ಹೇಳಬೇಡಿ ತಮ್ಮಯ್ಯನವರೇ. 1869ರ ಬೇಸಿಗೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಅದೇ ದ್ವೀಪವನ್ನು ಬರೆದರು, ನಿಜ. ಮೊನೇಯ ಒಂದು ಚಿತ್ರ ನ್ಯೂಯಾರ್ಕ್‌ನಲ್ಲಿದೆ. ಹೋಲಿಸಿ ನೋಡಿ. ಮೊನೇಗೆ ನೀರು ಮುಖ್ಯ. ಅಗಲ ಕುಂಚದಲ್ಲಿ ಪಟ್ಟಿ ಪಟ್ಟಿಯಾಗಿ ಅಲೆ ಎಳೆದಿದ್ದಾನೆ. ಜನ ಅವನಿಗೆ ಕಪ್ಪು ಕಡ್ಡಿಗಳು. ರೆನ್ವಾರ್ ದ್ವೀಪವನ್ನು ಹತ್ತಿರ ತಂದುಕೊಂಡಿದ್ದಾನೆ. ಹೆಂಗಸರ ಬಟ್ಟೆ ಯಾವುದು, ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ, ಅದು ಅವನಿಗೆ ಬೇಕು. ದರ್ಜಿಯ ಮಗ ಅಲ್ವಾ!

ಮೊನೇಯಿಂದ ಏನೂ ಕಲಿಯಲಿಲ್ಲ ಅಂತ ನಾನು ಹೇಳುತ್ತಿಲ್ಲ. ಬಯಲಿನ ಬೆಳಕಿನಲ್ಲಿ ಕಪ್ಪು ಬೆರೆಸದೆ ನೆರಳು ತರುವ ಧೈರ್ಯ ಆ ಗೆಳೆತನದಿಂದ ಬಂತು. ಆದರೆ ಅದಕ್ಕೆ ಎರಡು ವರ್ಷ ಮೊದಲೇ ರೆನ್ವಾರ್ ಆ ದಾರಿ ಹಿಡಿದಿದ್ದ. 1867ರ ಕೊಡೆ ಹಿಡಿದ ಲೀಸ್ ನೋಡಿ, ಈಗ ಜರ್ಮನಿಯ ಎಸ್ಸೆನ್‌ನಲ್ಲಿದೆ. ಬಿಳಿ ಮಸ್ಲಿನ್ ಬಟ್ಟೆಯ ಹುಡುಗಿ ಕಾಡಿನಲ್ಲಿ ನಿಂತಿದ್ದಾಳೆ. ಪೂರ್ತಿ ಬಿಸಿಲು ಬಟ್ಟೆಯ ಮೇಲೆ. ಮುಖ ಮಾತ್ರ ಕೊಡೆಯ ನೆರಳಲ್ಲಿ! ಭಾವಚಿತ್ರದಲ್ಲಿ ಮುಖಕ್ಕೇ ನೆರಳು ಕೊಡುವುದು ಆಗಿನ ಲೆಕ್ಕದಲ್ಲಿ ಉದ್ಧಟತನ. 1868ರಲ್ಲಿ ಸಲೋನ್ ಒಪ್ಪಿಕೊಂಡಿತು. ಕಾದಂಬರಿಕಾರ ಎಮಿಲ್ ಜೋಲಾ ಅಂಥವರ ಕಣ್ಣಿಗೂ ಬಿತ್ತು.

ಅದೇ 1867ರ, ಪ್ಯಾರಿಸ್‌ನ ಪೋಂ ದೇಜಾರ್ ಸೇತುವೆಯ ಚಿತ್ರ ನನಗೆ ಇನ್ನೂ ಇಷ್ಟ. ನದಿ ದಂಡೆ, ನೀಲಿ ಆಕಾಶ, ಓಡಾಡುವ ಜನ. ಕೆಳಗಿನ ಅಂಚಿನಲ್ಲಿ ಕೆಲವು ನೆರಳುಗಳು ಸಾಲಾಗಿ ಬಿದ್ದಿವೆ, ನೆರಳಿನ ಒಡೆಯರು ಮಾತ್ರ ಕಾಣುವುದಿಲ್ಲ. ಅವರು ಮೇಲೆ ಇನ್ನೊಂದು ಸೇತುವೆಯ ಮೇಲೆ ನಡೆಯುತ್ತಿದ್ದಾರೆ. ಈ ತುಂಟತನ ಮೊನೇ ಕಲಿಸಿದ್ದಲ್ಲ.

ದಾವಣಗೆರೆ ಬೋರ್ಡ್:

ಮೇಡಂ, ಒಂದು ಲೆಕ್ಕದ ಪ್ರಶ್ನೆ. ಚಿತ್ರ ತಿರಸ್ಕಾರ ಆಗುತ್ತಿತ್ತು, ಮಾರಾಟ ಇಲ್ಲ. ಬಣ್ಣ, ಬಟ್ಟೆ, ಚೌಕಟ್ಟಿಗೆ ದುಡ್ಡು ಯಾರು ಕೊಟ್ಟರು? ಒಂದು ಡಬ್ಬಿ ಒಳ್ಳೆ ಕೆಂಪಿನ ರೇಟು ನನಗೆ ಗೊತ್ತು.

ಉತ್ತರದ ಹಕ್ಕಿ:

ಇದಕ್ಕೆ ನಾನು ಹೇಳಲಾ? ಬಾಝೀಲ್. ಮೊಂಪೆಲಿಯೇ ಊರಿನ ಅನುಕೂಲಸ್ಥರ ಮಗ, ವೈದ್ಯಕೀಯ ಓದಲು ಪ್ಯಾರಿಸ್‌ಗೆ ಬಂದು ಚಿತ್ರದ ಹುಚ್ಚು ಹತ್ತಿಸಿಕೊಂಡವನು. ಮನೆಯಿಂದ ದುಡ್ಡು ಬರುತ್ತಿತ್ತು. ಬಾಡಿಗೆ ಕೋಣೆಯಲ್ಲಿ ರೆನ್ವಾರ್‌ನನ್ನು ಇಟ್ಟುಕೊಂಡ. ಕೆಲಕಾಲ ಮೊನೇಯೂ ಅಲ್ಲೇ. 1867ರಲ್ಲಿ ರೆನ್ವಾರ್ ಬರೆದ ಬಾಝೀಲ್ ಚಿತ್ರ ಇದೆ. ಬಾಝೀಲ್ ಬೆನ್ನು ಬಗ್ಗಿಸಿ ಕೂತು ಸತ್ತ ಕೊಕ್ಕರೆಯನ್ನು ಬರೆಯುತ್ತಿದ್ದಾನೆ. ಹಿಂದಿನ ಗೋಡೆಯಲ್ಲಿ ಮೊನೇಯ ಹಿಮದ ಚಿತ್ರ. ಅದೇ ಹಕ್ಕಿಗಳನ್ನು ಅದೇ ಹೊತ್ತಿಗೆ ಸಿಸ್ಲೇಯೂ ಬರೆದ. ಒಂದು ಕೊಕ್ಕರೆಗೆ ಇಷ್ಟು ಜನ! ಮಾಡೆಲ್‌ಗೆ ದುಡ್ಡಿಲ್ಲದಿದ್ದರೆ ಹೀಗೆ ಒಬ್ಬರನ್ನೊಬ್ಬರು ಬರೆದುಕೊಳ್ಳುವುದು. ಬಾಝೀಲ್ ಕೂಡ ರೆನ್ವಾರ್‌ನನ್ನು ಬರೆದ, ಎರಡೂ ಕಾಲು ಕುರ್ಚಿಯ ಮೇಲೆ ಮಡಚಿಕೊಂಡು ಕೂತ ಭಂಗಿಯಲ್ಲಿ.

ಕಪ್ಪೆಹೊಂಡದ ಬೇಸಿಗೆಯಲ್ಲಂತೂ ಇಬ್ಬರೂ ಬರಿಗೈ. ರೆನ್ವಾರ್ ಅಪ್ಪ ಅಮ್ಮನ ಮನೆಯಲ್ಲಿದ್ದ. ಅಲ್ಲಿಂದ ಮೊನೇಯ ಮನೆಗೆ ಬ್ರೆಡ್ ಒಯ್ಯುತ್ತಿದ್ದ. ದಿನಾ ಊಟ ಇಲ್ಲ, ಆದರೂ ಖುಷಿಯಾಗಿದ್ದೇನೆ ಎಂಬರ್ಥದಲ್ಲಿ ಬಾಝೀಲ್‌ಗೆ ಕಾಗದ ಬರೆದ. ಬಣ್ಣ ಮುಗಿದು ಕೆಲಸ ನಿಂತಿದೆ ಅಂತ ಮೊನೇಯೂ ಬರೆದ. ನಾವು ಇವತ್ತು ಕಲಾಚರಿತ್ರೆಯ ತಿರುವು ಅನ್ನುವ ಆ ಚಿತ್ರಗಳನ್ನು ಮೊನೇ ಆ ಕಾಗದದಲ್ಲಿ ಕೆಟ್ಟ ಕರಡುಗಳು ಅಂದಿದ್ದಾನೆ. ದೊಡ್ಡ ಚಿತ್ರ ಮುಂದೆ ಬರೆಯೋಣ ಅಂತ ಅವನ ಕನಸು.

ಕುಂಚಪ್ರಿಯ:

ಬಣ್ಣದ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಬಯಲಲ್ಲಿ ಕೂತು ಬರೆಯಲು ಆದದ್ದೇ ತವರದ ಟ್ಯೂಬಿನಿಂದ. ಅದಕ್ಕೆ ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಇಡುತ್ತಿದ್ದರು. ಚುಚ್ಚಿ ತೆಗೆಯಬೇಕು, ಒಮ್ಮೆ ತೆಗೆದರೆ ಒಣಗುತ್ತದೆ. ಅಮೆರಿಕದ ಜಾನ್ ರ‍್ಯಾಂಡ್ ಎಂಬ ಚಿತ್ರಕಾರ ಮಡಚುವ ಟ್ಯೂಬಿಗೆ ಪೇಟೆಂಟ್ ಪಡೆದ. ಇಸವಿ 1841. ರೆನ್ವಾರ್ ಹುಟ್ಟಿದ ವರ್ಷವೇ! ಕಾಕತಾಳೀಯ ಅಷ್ಟೇ, ಆದರೆ ನನಗೆ ಇಂಥವು ಖುಷಿ ಕೊಡುತ್ತವೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಮೊದಲಿನ ವಾದ ಹಾಗೇ ನಿಲ್ಲುವುದಿಲ್ಲ. ಮೇಡಂ ಹೇಳಿದ ಚಾಕುವಿನ ಚಿತ್ರ ನೋಡಿದೆ, ಸೋತೆ. ಪೂರ್ತಿ ಅಲ್ಲ, ಅರ್ಧ. ಕಾರ್ಖಾನೆಯ ಕೈಯನ್ನು ಅವನು ಸುಮಾರು ಹತ್ತು ವರ್ಷ ಬೇಕೆಂದೇ ಬಚ್ಚಿಟ್ಟ ಅಂತ ಈಗ ಅನ್ನಿಸುತ್ತದೆ. ಕೂಲಿ ಕೆಲಸದವನು ಅನ್ನುವ ಹೆಸರು ಯಾರಿಗೆ ಬೇಕು? ಕಾಡಿನಲ್ಲಿ ನಿಲುವಂಗಿ ನೋಡಿಯೇ ನಕ್ಕವರಿದ್ದರು. ಅದಕ್ಕೆ ಕೂರ್ಬೆಯ ಚಾಕು ಹಿಡಿದ, ದೇವತೆ ಬರೆದ, ಆಳೆತ್ತರದ ಕ್ಯಾನ್ವಾಸ್ ತುಂಬಿಸಿದ. ಕಪ್ಪೆಹೊಂಡದಲ್ಲಿ ಬೆಳಕು ಓಡುತ್ತಿತ್ತು, ನೀರು ನಿಲ್ಲುತ್ತಿರಲಿಲ್ಲ. ಆ ವೇಗಕ್ಕೆ ಚಾಕು ಸಾಲದು. ಆಗ ಹಳೇ ಕೈ ತಾನಾಗಿ ಹೊರಗೆ ಬಂತು. ಪೀಸಿನ ಲೆಕ್ಕದ ಕೈ, ಒಂದೇ ಉಸಿರಿನ ಎಳೆತ.

ಸಂಜೆಮಲ್ಲಿಗೆ:

ಬಚ್ಚಿಟ್ಟ ಅನ್ನುವುದು ಜಾಸ್ತಿ ಆಯ್ತು, ಮರೆತಿದ್ದ ಅನ್ನಿ. ಆದರೆ ವಾಪಸ್ ಬಂತು ಅನ್ನುವುದನ್ನು ಒಪ್ಪುತ್ತೇನೆ. ಕೊನೆಗಾಲದಲ್ಲಿ ಕ್ಯಾನ್ವಾಸ್‌ಗೆ ಮೊದಲು ಬಿಳಿ ಹಚ್ಚಿ, ಅದರ ಮೇಲೆ ನೀರಿನಷ್ಟು ತೆಳುವಾಗಿ ಬಣ್ಣ ಹಾಯಿಸುತ್ತಿದ್ದ. ಅದು ತಟ್ಟೆಯ ಪಾಠವೇ.

ಒಂದು ಮಾತ್ರ ಮರೆಯಬೇಡಿ. ಕಪ್ಪೆಹೊಂಡದ ಮರುವರ್ಷವೇ ಪ್ರಷ್ಯಾ ಜೊತೆ ಯುದ್ಧ. ರೆನ್ವಾರ್ ಕುದುರೆಪಡೆಗೆ ಹೋಗಿ, ಯುದ್ಧ ನೋಡದೆ, ಭೇದಿ ಹತ್ತಿ ಸಾಯುವ ಹಾಗಾಗಿ ಬದುಕಿದ. ಬಾಝೀಲ್ 1870ರ ನವೆಂಬರ್ 28ರಂದು ಬೋನ್ ಲಾ ರೋಲಾಂದ್‌ನಲ್ಲಿ ಗುಂಡೇಟಿಗೆ ಸತ್ತ. ವಯಸ್ಸು 28. ಕೋಣೆ ಕೊಟ್ಟವನು, ಕೊಕ್ಕರೆ ಬರೆದವನು. 1874ರ ಏಪ್ರಿಲ್‌ನಲ್ಲಿ ಈ ಗೆಳೆಯರು ಸೇರಿ ಪ್ಯಾರಿಸ್‌ನಲ್ಲಿ ತಮ್ಮದೇ ಪ್ರದರ್ಶನ ಮಾಡಿದಾಗ ಅವನಿರಲಿಲ್ಲ. ರೆನ್ವಾರ್ ಅಲ್ಲಿ ಲಾ ಲೋಜ್ ಇಟ್ಟಿದ್ದ, ನಾಟಕಶಾಲೆಯ ಬಾಕ್ಸ್‌ನಲ್ಲಿ ಕೂತ ಹೆಂಗಸು, ಕಪ್ಪು ಬಿಳಿ ಪಟ್ಟೆಯ ಉಡುಪು. ಮಾರಿದ್ದು 425 ಫ್ರಾಂಕ್‌ಗೆ, ಮನೆ ಬಾಡಿಗೆ ಕಟ್ಟಲು. ಕಪ್ಪು ಅಂತ ಎಷ್ಟು ಮಾತಾಡಿದೆವು, ಆ ಚಿತ್ರದ ಕಪ್ಪನ್ನು ನೋಡಿ. ಅದು ಹೊಳೆಯುತ್ತದೆ.

ತರಲೆ ತಮ್ಮಯ್ಯ:

ಬಾಝೀಲ್ ವಿಷಯ ಗೊತ್ತಿರಲಿಲ್ಲ. ಇವತ್ತು ತರಲೆ ಬೇಡ.

ದಾವಣಗೆರೆ ಬೋರ್ಡ್:

ನಿನ್ನೆ ರಾತ್ರಿ ಇದನ್ನೆಲ್ಲ ಓದಿ ಸುಮ್ಮನಿರಲು ಆಗಲಿಲ್ಲ. ಅಟ್ಟದ ಮೇಲಿಂದ ಹಳೇ ಲೈನಿಂಗ್ ಬ್ರಷ್ ತೆಗೆದೆ. ಕೂದಲು ಗಟ್ಟಿಯಾಗಿತ್ತು, ಟರ್ಪೆಂಟೈನ್‌ನಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ಮನೆಯ ಬಿಳಿ ಪಿಂಗಾಣಿ ತಟ್ಟೆ ತೆಗೆದುಕೊಂಡು ಗುಲಾಬಿ ಬರೆದೆ. ಮೊದಲ ಎರಡು ಎಸಳು ನಡುಗಿದವು. ಮೂರನೆಯದರಿಂದ ಕೈ ನೆಟ್ಟಗಾಯ್ತು. ಬಿಳಿ ಬಿಟ್ಟ ಕಡೆ ಚೆನ್ನಾಗಿ ಹೊಳೆಯುತ್ತಿದೆ, ಫೋಟೋದಲ್ಲಿ ಅಷ್ಟು ಕಾಣಲ್ಲ.

ಮಗಳು ಬಂದು ನೋಡಿದಳು. ಚೆನ್ನಾಗಿದೆ ಅಪ್ಪಾ, ಇದರಲ್ಲಿ ಊಟ ಮಾಡಬಹುದಾ ಅಂದಳು. ಬೇಡ, ಇದನ್ನು ಸುಟ್ಟಿಲ್ಲ ಅಂದೆ. ಈಗ ಆ ತಟ್ಟೆ ಎಲ್ಲಿಡುವುದು ಅಂತ ಅವಳ ಅಮ್ಮ ಕೇಳುತ್ತಿದ್ದಾಳೆ.